ಮನೆಯ ಲೇಥಿನಲ್ಲಿ ಪುಟ್ಟ ರೇಡಿಯಲ್ ಇಂಜಿನ್: ಐದು ಬೇಕಾದರೆ ಆರು ಮಾಡಿ

"ನನ್ನ ಹತ್ರ ಒಂದು ಸಣ್ಣ ಲೇಥ್ ಇದೆ, ರೇಡಿಯಲ್ ಇಂಜಿನ್ ಮಾಡ್ಬಹುದಾ?" ಕಾರವಾರ, ಕುಮಟಾ, ಶಿರಸಿ ಕಡೆಯ ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇದೆ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮಾಡಬಹುದು. ಆದರೆ ಜನ ಹೆದರುವುದು ಒಂದಕ್ಕೆ, ಕೈ ಕೊಡುವುದು ಇನ್ನೊಂದು. ಒಂದು ಸಿಲಿಂಡರ್ ಮಾಡುವುದು ಕಷ್ಟವಲ್ಲ. ಅದೇ ಸಿಲಿಂಡರನ್ನು ಐದು ಸಲ, ಒಂದರ ಪಡಿಯಚ್ಚಿನಂತೆ ಇನ್ನೊಂದನ್ನು ಮಾಡುವುದು ಕಷ್ಟ. ಮೂರನೆಯದರ ಹೊತ್ತಿಗೆ ಬೇಜಾರು ಬರುತ್ತದೆ, ನಾಲ್ಕನೆಯದರಲ್ಲಿ ಕೈ ಜಾರುತ್ತದೆ. ಅದಕ್ಕೇ ಐದು ಬೇಕಾದ ಕಡೆ ಆರು ಮಾಡಿ. ಒಂದೇ ಸೆಟ್ಟಿಂಗಿನಲ್ಲಿ ಆರೂ ಮುಗಿಯಲಿ. ಆರನೆಯದು ಸುಮ್ನೆ ವ್ಯರ್ಥ ಅಂತ ಮೊದಲು ಅನಿಸುತ್ತದೆ, ಆಮೇಲೆ ಅನಿಸುವುದಿಲ್ಲ.

ರೇಡಿಯಲ್ ಅಂದರೆ ಸಿಲಿಂಡರುಗಳು ಸಾಲಾಗಿ ನಿಲ್ಲದೆ, ಎತ್ತಿನ ಗಾಡಿಯ ಚಕ್ರದ ಅರಗಳ ಹಾಗೆ ಸುತ್ತಲೂ ಚಾಚಿಕೊಂಡಿರುವ ಇಂಜಿನ್. ಭಾರತೀಯ ವಾಯುಪಡೆ 1933ರಲ್ಲಿ ಹಾರಾಟ ಶುರು ಮಾಡಿದ ವಾಪಿಟಿ ವಿಮಾನಕ್ಕೆ ಇದ್ದದ್ದು ಒಂಬತ್ತು ಸಿಲಿಂಡರಿನ ಬ್ರಿಸ್ಟಲ್ ಜುಪಿಟರ್ ರೇಡಿಯಲ್. ಆಮೇಲೆ ಬಂದ ಡಕೋಟಾದ ರೆಕ್ಕೆಗಳಲ್ಲಿ ಹದಿನಾಲ್ಕು ಸಿಲಿಂಡರಿನ ಎರಡು ಇಂಜಿನ್. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಂತಿರುವ ಟುಪೊಲೆವ್ 142 ವಿಮಾನ ನೋಡಿ ಬಂದವರು "ಅದರದ್ದೂ ಅದೇ ಇಂಜಿನ್ ಅಲ್ವಾ?" ಎನ್ನುತ್ತಾರೆ. ಅಲ್ಲ. ಫ್ಯಾನು ಇದ್ದ ಮಾತ್ರಕ್ಕೆ ರೇಡಿಯಲ್ ಆಗುವುದಿಲ್ಲ. ಅದು ಟರ್ಬೊಪ್ರಾಪ್, ಅಂದರೆ ಟರ್ಬೈನಿನಿಂದ ಫ್ಯಾನು ತಿರುಗಿಸುವ ಇಂಜಿನ್, ಒಳಗೆ ಪಿಸ್ಟನ್ನೇ ಇಲ್ಲ.

ನೀವು ಇದುವರೆಗೆ ಒಂದೂ ಇಂಜಿನ್ ಮಾಡಿಲ್ಲವಾದರೆ ಮೊದಲು ಒಂದು ಸಿಲಿಂಡರಿನದನ್ನು ಮಾಡಿ, ಓಡಿಸಿ, ಆಮೇಲೆ ಇಲ್ಲಿಗೆ ಬನ್ನಿ. ವಾರಕ್ಕೆ ಎರಡು ಮೂರು ಸಂಜೆ ಕೊಟ್ಟರೂ ಇದು ಒಂದೂವರೆ ವರ್ಷದ ಕೆಲಸ.

ಯಾವ ಅಳತೆಯ ಇಂಜಿನ್

ಈ ಲೇಖನದ ಲೆಕ್ಕವೆಲ್ಲ ಒಂದೇ ಇಂಜಿನ್ನಿನದು. ಫೋರ್ ಸ್ಟ್ರೋಕ್, ಐದು ಸಿಲಿಂಡರ್. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 20 ಮಿಮೀ. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, ಅದೂ 20 ಮಿಮೀ. ಒಂದೊಂದು ಸಿಲಿಂಡರಿಗೆ 6.28 ಸಿಸಿ, ಒಟ್ಟು 31 ಸಿಸಿ ಚಿಲ್ಲರೆ. ಇಡೀ ಇಂಜಿನ್ ಸುಮಾರು 180 ಮಿಮೀ ಅಗಲ, ತಿಂಡಿ ತಟ್ಟೆಯಷ್ಟು.

ಫೋರ್ ಸ್ಟ್ರೋಕ್ ರೇಡಿಯಲ್ಲಿಗೆ ಒಂದು ಸುತ್ತಿನಲ್ಲಿ ಬೆಸ ಸಂಖ್ಯೆಯ ಸಿಲಿಂಡರೇ ಯಾಕೆ? ಪ್ರತಿ ಸಿಲಿಂಡರ್ ಕ್ರ್ಯಾಂಕಿನ, ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡದ, ಎರಡು ಸುತ್ತಿಗೆ ಒಮ್ಮೆ ಕಿಡಿ ಹೊತ್ತಿ ಹೊಡೆಯಬೇಕು. ಒಂದು ಬಿಟ್ಟು ಒಂದು ಹೊಡೆಯುತ್ತ ಹೋದರೆ 1, 3, 5, 2, 4 ಎಂದು ಎರಡು ಸುತ್ತಿನಲ್ಲಿ ಎಲ್ಲರ ಸರದಿಯೂ ಮುಗಿಯುತ್ತದೆ. ನಡುವಿನ ಅಂತರ ಯಾವಾಗಲೂ 144 ಡಿಗ್ರಿ. ಸಮಸಂಖ್ಯೆ ಇಟ್ಟರೆ ಈ ತಾಳ ತಪ್ಪುತ್ತದೆ.

ಏನೇನು ಬೇಕು

ಲೇಥ್: 180 ಮಿಮೀ ಸ್ವಿಂಗಿನ, ಅಂದರೆ ಅಷ್ಟು ವ್ಯಾಸದ ತುಂಡು ತಿರುಗಲು ಜಾಗವಿರುವ, ಮಿನಿ ಲೇಥ್ ಸಾಕು. ಗುಜರಾತಿನ ರಾಜ್‌ಕೋಟ್‌ನಲ್ಲಿ ತಯಾರಾದ ಹಳೆಯ ಲೇಥ್ ಸಿಕ್ಕರೆ ಇನ್ನೂ ಒಳ್ಳೆಯದು, ಬೆಡ್ ಸವೆದಿಲ್ಲವೇ ನೋಡಿಕೊಳ್ಳಿ. ತ್ರೀ ಫೇಸ್ ಮೋಟಾರ್ ಇದ್ದರೆ ಮನೆಯ ಸಿಂಗಲ್ ಫೇಸಿನಿಂದಲೇ ಓಡಿಸುವ ವಿಎಫ್‌ಡಿ ಹಾಕಿಸಿ. ಅದು ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಡಬ್ಬಿ. ಜೊತೆಗೆ ಸಣ್ಣ ಮಿಲ್ಲಿಂಗ್ ಮಷಿನ್, ನಾಲ್ಕು ದವಡೆಯ ಚಕ್, ಡಯಲ್ ಗೇಜ್, 0–25 ಮೈಕ್ರೋಮೀಟರ್, ಹೈಟ್ ಗೇಜ್.

ಎಲ್ಲಕ್ಕಿಂತ ಮುಖ್ಯ ಡಿವೈಡಿಂಗ್ ಹೆಡ್, ಜಾಬನ್ನು, ಅಂದರೆ ನಾವು ಕೊರೆಯುತ್ತಿರುವ ತುಂಡನ್ನು, ಲೆಕ್ಕದ ಡಿಗ್ರಿಯಷ್ಟು ತಿರುಗಿಸುವ ಸಾಧನ. ಹಿಡಿಕೆ 40 ಸುತ್ತು ತಿರುಗಿಸಿದರೆ ಜಾಬ್ 1 ಸುತ್ತು. ಐದು ಸಿಲಿಂಡರಿಗೆ 40 ÷ 5, ಸರಿಯಾಗಿ 8 ಸುತ್ತು. ಲೆಕ್ಕ ಇಷ್ಟು ಸುಲಭ ಅನ್ನುವ ಕಾರಣಕ್ಕೇ ನಾನು ಹೊಸಬರಿಗೆ ಏಳು ಸಿಲಿಂಡರ್ ಬೇಡ, ಐದೇ ಇರಲಿ ಎನ್ನುವುದು.

ಲೋಹಗಳು: ಕ್ರ್ಯಾಂಕ್‌ಕೇಸಿಗೆ 90 ಮಿಮೀ ದುಂಡಗಿನ 6061 ಅಲ್ಯೂಮಿನಿಯಂ. ಕ್ರ್ಯಾಂಕಿಗೆ ಇಎನ್ 24 ಎಂಬ ಗಟ್ಟಿ ಉಕ್ಕು. ಸಿಲಿಂಡರ್ ಮತ್ತು ರಿಂಗಿಗೆ ಒಳ್ಳೆಯ ಬೀಡು ಕಬ್ಬಿಣ. ಕನೆಕ್ಟಿಂಗ್ ರಾಡಿಗೆ 7075 ಅಲ್ಯೂಮಿನಿಯಂ. ಬುಷ್ ಮತ್ತು ವಾಲ್ವ್ ಗೈಡಿಗೆ ಫಾಸ್ಫರ್ ಬ್ರಾಂಝ್. ಪಿನ್ನುಗಳಿಗೆ ಸಿಲ್ವರ್ ಸ್ಟೀಲ್, ಹೆಸರಿನಲ್ಲಿ ಬೆಳ್ಳಿ ಇದೆ ಅಷ್ಟೇ, ಒಳಗಿಲ್ಲ. ವಾಲ್ವುಗಳನ್ನು ಎತ್ತುವ ಕ್ಯಾಮಿಗೆ ಓಎಚ್‌ಎನ್‌ಎಸ್, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಉಕ್ಕು. ಇವೆಲ್ಲ ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಹುಬ್ಬಳ್ಳಿಗೆ ಒಂದು ದಿನ ಮೀಸಲಿಡಿ. ಬೀಡು ಕಬ್ಬಿಣಕ್ಕೆ ಬೆಳಗಾವಿ, ಅಲ್ಲಿ ಫೌಂಡ್ರಿಗಳಿಗೆ ಬರವಿಲ್ಲ. ತುಂಡು ಕೊಳ್ಳುವಾಗ ಅದರ ಮೇಲೆ ಗ್ರೇಡನ್ನು ಅಲ್ಲೇ ಪೇಂಟಿನಲ್ಲಿ ಬರೆಸಿಕೊಳ್ಳಿ. ಇಎನ್ 24 ಅಂತ ಹೇಳಿ ಕೊಟ್ಟ ಸಾದಾ ಎಂಎಸ್ (ಮೆದು ಉಕ್ಕು) ಸರಳಿನಲ್ಲಿ ನಾನು ಒಂದು ಇಡೀ ಕ್ರ್ಯಾಂಕ್ ಕೊರೆದಿದ್ದೇನೆ.

ಕೆಲಸಕ್ಕೆ ಮೊದಲು: ಉಪ್ಪು ಗಾಳಿ

ಬೇರೆ ಊರಿನವರು ಬರೆದ ಮಾರ್ಗದರ್ಶಿಗಳಲ್ಲಿ ಈ ಭಾಗ ಇರುವುದಿಲ್ಲ. ನಮಗೆ ಇದೇ ದೊಡ್ಡದು. ಜೂನಿನಿಂದ ಸೆಪ್ಟೆಂಬರ್ ತನಕ ಕರಾವಳಿಯಲ್ಲಿ, ಹೊಳಪು ಕೊಟ್ಟ ಉಕ್ಕನ್ನು ಒಂದು ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ನಿಮ್ಮ ಬೆರಳಚ್ಚು ಅದರ ಮೇಲೆ ಕೆಂಪಾಗಿ ಎದ್ದಿರುತ್ತದೆ. ಬೆವರಿನ ಉಪ್ಪು, ಕಡಲಿನ ಉಪ್ಪು ಎರಡೂ ಸೇರಿದ ಫಲ. ಶಿರಸಿ ಸಿದ್ದಾಪುರದವರಿಗೆ ಉಪ್ಪಿನ ಕಾಟವಿಲ್ಲ, ಆದರೆ ಥಂಡಿಯ ಕಾಟ ಅಷ್ಟೇ ಇದೆ.

ಮುಗಿದ ಭಾಗಗಳಿಗೆ ಒಂದು ಸಣ್ಣ ಮರದ ಕಪಾಟು ಮಾಡಿ, ಒಳಗೆ 25 ವ್ಯಾಟಿನ ಹಳೇ ಗಾಜಿನ ಬಲ್ಬ್ ಉರಿಯಲಿ. ಎಲ್‌ಇಡಿ ಹಾಕಬೇಡಿ, ನಮಗೆ ಬೇಕಿರುವುದು ಬೆಳಕಲ್ಲ, ಬಿಸಿ. ಬಲ್ಬ್ ಕೆಳಗಿರಲಿ, ಬಟ್ಟೆ ಕಾಗದ ಹತ್ತಿರ ಇರದಿರಲಿ. ಸಿಲಿಕಾ ಜೆಲ್ ಪೊಟ್ಟಣಗಳ ಕಾಳನ್ನು ತಿಂಗಳಿಗೊಮ್ಮೆ ಹಳೆಯ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಆ ಕಾವಲಿ ಮತ್ತೆ ಅಡುಗೆಮನೆಗೆ ಹೋಗಬಾರದು. ಭಾಗಗಳಿಗೆ ತೆಳುವಾಗಿ ಮಷಿನ್ ಎಣ್ಣೆ ಹಚ್ಚಿ. ಕೊಬ್ಬರಿ ಎಣ್ಣೆ ಬೇಡ. ಕೈಗೆ ಸಿಗುತ್ತದೆ ಅಂತ ಎಲ್ಲರೂ ಅದನ್ನೇ ಹಚ್ಚುತ್ತಾರೆ. ನಾಲ್ಕು ತಿಂಗಳಲ್ಲಿ ಅದು ಅಂಟಾಗಿ ಧೂಳು ಹಿಡಿದುಕೊಳ್ಳುತ್ತದೆ.

ಬೋರ್ ಉಜ್ಜುವ ಕೆಲಸ, ರಿಂಗಿನ ಕೆಲಸ ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ. ಅಲ್ಯೂಮಿನಿಯಂ ಕೆಲಸ ಆಗ ಮಾಡಿ.

ಹಂತ 1: ರಟ್ಟಿನ ಇಂಜಿನ್

ಲೋಹ ಮುಟ್ಟುವ ಮೊದಲು ಹಳೆಯ ಮದುವೆ ಕಾಗದದ ದಪ್ಪ ರಟ್ಟಿನಲ್ಲಿ ಇಂಜಿನ್ನಿನ ಅಡ್ಡ ಸೀಳನ್ನು ಎರಡು ಪಟ್ಟು ಅಳತೆಯಲ್ಲಿ ಕತ್ತರಿಸಿ. ಕ್ರ್ಯಾಂಕಿಗೊಂದು ಚಕ್ರ, ಐದು ರಾಡು, ಕೀಲುಗಳಿಗೆ ಗುಂಡುಪಿನ್ನು. ತಿರುಗಿಸಿ ನೋಡಿ.

ಇಲ್ಲಿ ರೇಡಿಯಲ್ಲಿನ ಗುಟ್ಟು ಕಣ್ಣಿಗೆ ಕಾಣುತ್ತದೆ. ಐದೂ ರಾಡು ಒಂದೇ ಕ್ರ್ಯಾಂಕ್ ಪಿನ್ನಿಗೆ ಹಿಡಿಯಲಾರವು. ಒಂದು ಮಾತ್ರ ನೇರವಾಗಿ ಹಿಡಿಯುತ್ತದೆ, ಅದು ಮಾಸ್ಟರ್ ರಾಡ್, ನೆತ್ತಿಯ ಮೇಲಿನ 1ನೇ ಸಿಲಿಂಡರಿನದು. ಉಳಿದ ನಾಲ್ಕು ಅದರ ಕೆಳಗಿನ ದುಂಡು ತಲೆಯ ಸುತ್ತ ಸಣ್ಣ ಪಿನ್ನುಗಳಲ್ಲಿ ನೇತಾಡುತ್ತವೆ. ಅವನ್ನು ಸ್ಲೇವ್ ರಾಡ್ ಎನ್ನುತ್ತಾರೆ. ಮನೆಯ ಯಜಮಾನ ಅಲುಗಾಡಿದಂತೆ ಉಳಿದವರೂ ಅಲುಗಾಡುವ ವ್ಯವಸ್ಥೆ.

ನಮ್ಮ ಅಳತೆ: ಮಾಸ್ಟರ್ ರಾಡ್ ಕೇಂದ್ರದಿಂದ ಕೇಂದ್ರಕ್ಕೆ 44 ಮಿಮೀ, ಸ್ಲೇವ್ 35 ಮಿಮೀ, ಸ್ಲೇವ್ ಪಿನ್ನುಗಳು ಕೂರುವ ವೃತ್ತದ ತ್ರಿಜ್ಯ 9 ಮಿಮೀ. 35ಕ್ಕೆ 9 ಸೇರಿಸಿದರೆ 44. ಲೆಕ್ಕ ಕೂಡಿತು ಅನಿಸುತ್ತದೆ, ಆದರೆ ಪೂರ್ತಿ ಕೂಡಿಲ್ಲ. ಮಾಸ್ಟರ್ ರಾಡ್ ಓಲಾಡುವುದರಿಂದ ಅದರ ತಲೆಯೂ ಸ್ವಲ್ಪ ತಿರುಗುತ್ತದೆ. ಹಾಗಾಗಿ 2 ಮತ್ತು 5ನೇ ಪಿಸ್ಟನ್ ಮೇಲೆ ಬಂದಾಗ ಮಾಸ್ಟರಿಗಿಂತ ಸುಮಾರು 0.26 ಮಿಮೀ ಕೆಳಗೇ ನಿಲ್ಲುತ್ತವೆ, 3 ಮತ್ತು 4 ಸುಮಾರು 0.1 ಮಿಮೀ ಕೆಳಗೆ. ಕಾಲು ಮಿಲಿಮೀಟರ್ ಏನು ಮಹಾ ಅನ್ನಬೇಡಿ. ಆರು ಪಟ್ಟು ಇರಬೇಕಾದ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತುವ ಪ್ರಮಾಣ, ಅದರಿಂದ 5.7ಕ್ಕೆ ಇಳಿಯುತ್ತದೆ, ಐದು ಸಿಲಿಂಡರ್ ಐದು ದಾರಿ ಹಿಡಿಯುತ್ತವೆ. ಪರಿಹಾರ ಸುಲಭ: 2 ಮತ್ತು 5ನೇ ಸ್ಲೇವ್ ರಾಡನ್ನು 35.26, 3 ಮತ್ತು 4ನೆಯದನ್ನು 35.1 ಮಾಡಿ. ರಾಡಿನ ಮೇಲೆ ನಂಬರ್ ಪಂಚ್ ಹೊಡೆಯಿರಿ. ಆರರ ನಿಯಮ ಇಲ್ಲಿ ಸ್ವಲ್ಪ ಬದಲಾಗುತ್ತದೆ, ಎರಡು ಅಳತೆಗೂ ಒಂದೊಂದು ಹೆಚ್ಚಿಗೆ ಇರಲಿ.

ಹಂತ 2: ಕ್ರ್ಯಾಂಕ್‌ಕೇಸ್

90 ಮಿಮೀ ದುಂಡನ್ನು ಲೇಥಿನಲ್ಲಿ ಹಿಡಿದು ಮುಖ ತೆಗೆಯಿರಿ. ಒಳಗೆ 52 ಮಿಮೀ ಬೋರ್ ಮಾಡಿ, ಮುಂದಿನ ಬೇರಿಂಗ್ ಕೂರುವ ಜಾಗವನ್ನೂ ಅದೇ ಹಿಡಿತದಲ್ಲಿ ಮುಗಿಸಿ. ಹಿಡಿತ ಬಿಟ್ಟು ಮತ್ತೆ ಹಿಡಿದರೆ ಎರಡೂ ಒಂದೇ ನೇರಕ್ಕೆ ಬರುವುದಿಲ್ಲ.

ಈಗ ಅದನ್ನು ಮ್ಯಾಂಡ್ರೆಲ್ ಮೇಲೆ, ಅಂದರೆ ಬೋರಿಗೆ ಬಿಗಿಯಾಗಿ ಕೂರುವ ಸರಳಿನ ಮೇಲೆ, ಡಿವೈಡಿಂಗ್ ಹೆಡ್ಡಿಗೆ ಏರಿಸಿ. ಕೇಂದ್ರದಿಂದ 34 ಮಿಮೀ ದೂರಕ್ಕೆ ಒಂದು ಚಪ್ಪಟೆ ಮುಖ ತೆಗೆಯಿರಿ. ಎಂಟು ಸುತ್ತು. ಇನ್ನೊಂದು ಮುಖ. ಎಂಟು ಸುತ್ತು. ಐದೂ ಮುಗಿದ ಮೇಲೆ ಅದೇ ಸೆಟ್ಟಿಂಗಿನಲ್ಲಿ ಐದು ಸಿಲಿಂಡರ್ ತೂತು, ಆಮೇಲೆ ಎಲ್ಲ ಸ್ಟಡ್ ತೂತು. ಇಷ್ಟೂ ಮುಗಿಯುವ ತನಕ ಜಾಬನ್ನು ಡಿವೈಡಿಂಗ್ ಹೆಡ್ಡಿನಿಂದ ಬಿಚ್ಚಲೇಬೇಡಿ. ಊಟಕ್ಕೆ ಹೋಗಿ, ಮಲಗಿ, ಮರುದಿನ ಬನ್ನಿ. ಜಾಬ್ ಅಲ್ಲೇ ಇರಲಿ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ.

ಹಿಡಿಕೆಯನ್ನು ಎಂಟು ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗಿಸಿಬಿಟ್ಟಿರಿ ಅಂದುಕೊಳ್ಳಿ. ಸುಮ್ನೆ ಹಿಂದಕ್ಕೆ ತಂದು ಪಿನ್ ಕೂರಿಸಬೇಡಿ. ಗೇರಿನ ಹಲ್ಲುಗಳ ನಡುವೆ ಸಡಿಲ ಇರುತ್ತದೆ, ಬ್ಯಾಕ್‌ಲ್ಯಾಶ್. ಹಿಡಿಕೆ ಹಿಂದೆ ಬಂದರೂ ಜಾಬ್ ಬಂದಿರುವುದಿಲ್ಲ. ಅರ್ಧ ಸುತ್ತು ಪೂರ್ತಿ ಹಿಂದೆ ಹೋಗಿ, ಮತ್ತೆ ಮುಂದಕ್ಕೆ ಬಂದು ನಿಲ್ಲಿಸಿ. ಯಾವಾಗಲೂ ಒಂದೇ ದಿಕ್ಕಿನಿಂದ.

ಎರಡನೆಯದು ಅಳತೆಯದು. ಷಟ್ಕೋನವಾದರೆ ಎದುರುಬದುರು ಮುಖಕ್ಕೆ ವರ್ನಿಯರ್ ಹಚ್ಚಿ ಅಳೆಯಬಹುದು. ಐದು ಮುಖದಲ್ಲಿ ಒಂದು ಮುಖದ ಎದುರಿಗೆ ಬರುವುದು ಮೂಲೆ. ವರ್ನಿಯರ್ ಇಲ್ಲಿ ಕೆಲಸಕ್ಕೆ ಬಾರದು. ಸರ್ಫೇಸ್ ಪ್ಲೇಟಿನ ಮೇಲೆ ಮ್ಯಾಂಡ್ರೆಲ್ಲನ್ನು ವಿ ಬ್ಲಾಕಿನಲ್ಲಿಟ್ಟು, ಅದರ ನೆತ್ತಿಯಿಂದ ಮುಖದ ತನಕ ಹೈಟ್ ಗೇಜಿನಲ್ಲಿ ಅಳೆಯಬೇಕು. ಐದೂ 0.02 ಮಿಮೀ ಒಳಗೆ ಬಂದರೆ ಸಾಕು.

ಹಂತ 3: ಸಿಲಿಂಡರುಗಳು, ಆರು

ಬೀಡು ಕಬ್ಬಿಣದ ಸರಳಿನಿಂದ ಆರು ತುಂಡು. ಮೊದಲು ಬೋರ್ 19.95ಕ್ಕೆ, ಆಮೇಲೆ ಹೊರಗಿನ ಫಿನ್ನುಗಳು. ಫಿನ್ ಅಂದರೆ ಗಾಳಿಗೆ ಬಿಸಿ ಬಿಡುವ ತೆಳು ಬಳೆಗಳು. 1.5 ಮಿಮೀ ತೋಡು, 0.8 ಮಿಮೀ ಫಿನ್, 4 ಮಿಮೀ ಆಳ. ಕಟ್ಟಿಂಗ್ ಟೂಲನ್ನು ಒಂದೇ ಏಟಿಗೆ 4 ಮಿಮೀ ಇಳಿಸಬೇಡಿ, ಎರಡು ಸಲಕ್ಕೆ ಇಳಿಸಿ, ಪುಡಿ ಊದಿ ತೆಗೆಯಿರಿ. ಬೀಡು ಕಬ್ಬಿಣದ ಧೂಳು ಮೂಗಿಗೂ ಕೆಟ್ಟದ್ದು, ಲೇಥಿನ ಬೆಡ್ಡಿಗೂ ಕೆಟ್ಟದ್ದು. ಬೆಡ್ ಮೇಲೆ ಹಳೇ ಪೇಪರ್ ಹಾಸಿ.

ಕೊನೆಯ 0.05 ಮಿಮೀ ಲ್ಯಾಪಿನಿಂದ. ಲ್ಯಾಪ್ ಅಂದರೆ ಉಜ್ಜುಪುಡಿ ಹಚ್ಚಿದ ಹಿತ್ತಾಳೆಯ ಸರಳು. ಕಾರವಾರದ ಬೈತಖೋಲ್ ಬಂದರಿನ ಕಡೆ ಬೋಟಿನ ಡೀಸೆಲ್ ಇಂಜಿನ್ ರಿಪೇರಿ ಮಾಡುವವರ ಕೈ ಒಮ್ಮೆ ನೋಡಿ ಬನ್ನಿ. ಲ್ಯಾಪನ್ನು ಹೇಗೆ ನಿಲ್ಲಿಸದೆ ಒಳಹೊರಗೆ ಆಡಿಸುತ್ತಾರೆ ಅಂತ ಓದಿ ಕಲಿಯುವುದಕ್ಕಿಂತ ನೋಡಿ ಕಲಿಯುವುದು ಬೇಗ. ಒಂದೇ ಕಡೆ ಉಜ್ಜಿದರೆ ಬೋರಿನ ಬಾಯಿ ಗಂಟೆಯಂತೆ ಅರಳುತ್ತದೆ.

ಆರೂ ಸರಿಯಾಗಿ 20.00 ಆಗಲೇಬೇಕೆಂದಿಲ್ಲ. 20.01 ಆದರೆ ಅದಕ್ಕೆ ತಕ್ಕ ಪಿಸ್ಟನ್ ಮಾಡಬಹುದು. ಆದರೆ ಒಂದೇ ಬೋರಿನ ಮೇಲೆ ಕೆಳಗೆ ವ್ಯತ್ಯಾಸ ಇರಬಾರದು. ಯಾವ ಸಿಲಿಂಡರಿಗೆ ಯಾವ ಪಿಸ್ಟನ್ ಅಂತ ನಂಬರ್ ಹೊಡೆಯಿರಿ.

ಹಂತ 4: ಪಿಸ್ಟನ್, ರಿಂಗ್

ಅಲ್ಯೂಮಿನಿಯಂ ಬಿಸಿಗೆ ಬೀಡು ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 20 ಮಿಮೀ ಪಿಸ್ಟನ್ 150 ಡಿಗ್ರಿ ಬಿಸಿಯೇರಿದರೆ 0.07 ಮಿಮೀ ದಪ್ಪವಾಗುತ್ತದೆ, ಬೋರ್ ಹಿಗ್ಗುವುದು ಅದರ ಅರ್ಧ. ಅದಕ್ಕೆ ಪಿಸ್ಟನ್ನನ್ನು ಬೋರಿಗಿಂತ 0.05 ಮಿಮೀ ಕಡಿಮೆ ಮಾಡಿ. ತಣ್ಣಗಿರುವಾಗ ಲಡಬಡ ಅನಿಸುತ್ತದೆ, ಅನಿಸಲಿ. ಬಿಗಿ ಮಾಡಿದವರ ಇಂಜಿನ್ ಎರಡೇ ನಿಮಿಷ ಓಡಿ ಕಚ್ಚಿಕೊಂಡಿದೆ.

ರಿಂಗ್ ಬೀಡು ಕಬ್ಬಿಣದ್ದು, 1 ಮಿಮೀ ದಪ್ಪ. ಬೋರಿನೊಳಗೆ ಇಟ್ಟಾಗ ತುದಿಗಳ ನಡುವೆ 0.06 ರಿಂದ 0.08 ಮಿಮೀ ಸಂದು. ರಿಂಗುಗಳನ್ನು ಹತ್ತು ಹದಿನೈದು ಮಾಡಿ, ಇಲ್ಲಿ ಆರು ಸಾಲದು. ಪಿಸ್ಟನ್ನಿಗೆ ಏರಿಸುವಾಗ ಟಪ್ ಅಂತ ಮುರಿಯುತ್ತವೆ.

ಹಂತ 5: ಮಾಸ್ಟರ್ ರಾಡ್ ಮತ್ತು ಕ್ರ್ಯಾಂಕ್

7075ರ 12 ಮಿಮೀ ಪಟ್ಟಿಯಲ್ಲಿ ಮೊದಲು ದೊಡ್ಡ ತಲೆಯ ಬೋರ್, 11 ಮಿಮೀ. ಅದರಲ್ಲಿ 8 ಮಿಮೀ ಒಳವ್ಯಾಸದ ಬ್ರಾಂಝ್ ಬುಷ್ ಕೂರುತ್ತದೆ. ಆ ಬೋರನ್ನೇ ಕೇಂದ್ರವಾಗಿಟ್ಟು ಡಿವೈಡಿಂಗ್ ಹೆಡ್ಡಿನಲ್ಲಿ 72 ಡಿಗ್ರಿಗೊಂದರಂತೆ ನಾಲ್ಕು 4 ಮಿಮೀ ತೂತು, ರೀಮರಿನಿಂದ ಮುಗಿಸಿ. ಐದನೆಯ ದಿಕ್ಕಿನಲ್ಲಿ ರಾಡಿನ ಕಾಲೇ ಇದೆ. ಹೊರ ಆಕಾರವನ್ನು ಎಲ್ಲಕ್ಕಿಂತ ಕೊನೆಗೆ ಕತ್ತರಿಸಿ. ಮೊದಲೇ ಚಂದ ಮಾಡಿಕೊಂಡರೆ ಆಮೇಲೆ ಹಿಡಿಯುವುದಕ್ಕೆ ಜಾಗ ಇರುವುದಿಲ್ಲ.

ಸ್ಲೇವ್ ರಾಡ್ ಕೂರುವ ನಡುವಿನ 5 ಮಿಮೀ ತೋಡನ್ನು ಲೇಥಿನಲ್ಲಿ ಕೊರೆಯಲು ಆಗುವುದಿಲ್ಲ, ರಾಡಿನ ಕಾಲು ಅಡ್ಡ ಬರುತ್ತದೆ. ಮಿಲ್ಲಿಂಗಿನಲ್ಲಿ ಸ್ಲಿಟ್ಟಿಂಗ್ ಕಟ್ಟರ್ ಹಾಕಿ, ಜಾಬನ್ನು ನಿಧಾನ ತಿರುಗಿಸುತ್ತ ತೆಗೆಯಿರಿ. ಸ್ಲೇವ್ ತಲೆ 8 ಮಿಮೀಗಿಂತ ಅಗಲ ಬೇಡ. ಪಿನ್ನಿನಿಂದ ಪಿನ್ನಿಗೆ ಇರುವುದೇ 10.6 ಮಿಮೀ.

ಕ್ರ್ಯಾಂಕನ್ನು ಒಂದೇ ತುಂಡಿನಲ್ಲಿ ಮಾಡಿ, ಪಿನ್ ಹಿಂದಕ್ಕೆ ಚಾಚಿಕೊಂಡಿರಲಿ. ಆಗ ಮಾಸ್ಟರ್ ರಾಡನ್ನು ಹಿಂದಿನಿಂದ ತೂರಿಸಬಹುದು, ದೊಡ್ಡ ತಲೆ ಸೀಳುವ ಕೆಲಸ ಉಳಿಯಿತು. ಪಿನ್ ತಿರುವಲು ನಾಲ್ಕು ದವಡೆಯ ಚಕ್ಕಿನಲ್ಲಿ ಡಯಲ್ ಗೇಜ್ ಹಚ್ಚಿ 10 ಮಿಮೀ ಆಚೆ ಸರಿಸಿ ಹಿಡಿಯಿರಿ. ಗೇಜ್ ಒಂದು ಸುತ್ತಿಗೆ 20 ಮಿಮೀ ಓಡಬೇಕು, 10 ಅಲ್ಲ. ಇದನ್ನು ಮರೆತವರು ಅರ್ಧ ಸ್ಟ್ರೋಕಿನ ಕ್ರ್ಯಾಂಕ್ ಮಾಡಿದ್ದಾರೆ. ಬೇರಿಂಗ್ ಹಿಂದೆ 6001, ಮುಂದೆ 6000. ಎರಡೂ ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತವೆ.

ಬ್ಯಾಲೆನ್ಸ್ ವಿಷಯದಲ್ಲಿ ರೇಡಿಯಲ್ ತುಂಬಾ ಒಳ್ಳೆಯದು. ಐದೂ ಪಿಸ್ಟನ್ನುಗಳ ಎಳೆತ ಸೇರಿ ಕ್ರ್ಯಾಂಕಿನ ಜೊತೆಗೇ ತಿರುಗುವ ಒಂದೇ ಎಳೆತವಾಗುತ್ತದೆ. ಮೇಲೆ ಕೆಳಗೆ ಓಡುವ ಒಟ್ಟು ತೂಕದ ಅರ್ಧ, ಅದಕ್ಕೆ ದೊಡ್ಡ ತಲೆಯ ಕಡೆ ತಿರುಗುವ ತೂಕ ಪೂರ್ತಿ ಸೇರಿಸಿ. ಅಷ್ಟು ತೂಕದ ಹಿತ್ತಾಳೆ ಬಳೆಯನ್ನು ಕ್ರ್ಯಾಂಕ್ ಪಿನ್ನಿಗೆ ತೂರಿಸಿ, ಕ್ರ್ಯಾಂಕನ್ನು ಎರಡು ಸಮತಟ್ಟು ಸರಳುಗಳ ಮೇಲೆ ಉರುಳಲು ಬಿಡಿ. ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವ ತನಕ ಎದುರಿನ ತೂಕದಿಂದ ತೆಗೆಯುತ್ತ ಹೋಗಿ. ತೂಗಲು 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಸಾಕು. ಇಲ್ಲವಾದರೆ ಪರಿಚಯದ ಅಕ್ಕಸಾಲಿಗರ ಹತ್ತಿರ ಹೋಗಿ. ಪಿಸ್ಟನ್ ತೂಗಿಸಲು ಬಂದವರನ್ನು ಅವರು ಮರೆಯುವುದಿಲ್ಲ.

ಹಂತ 6: ಕ್ಯಾಮ್ ರಿಂಗ್

ಜಾಸ್ತಿ ಪ್ರಶ್ನೆ ಬರುವುದು ಇದರ ಬಗ್ಗೆ. ಸಾಮಾನ್ಯ ಇಂಜಿನ್ನಿನಲ್ಲಿ ಪ್ರತಿ ವಾಲ್ವಿಗೆ ಒಂದು ಕ್ಯಾಮ್. ರೇಡಿಯಲ್ಲಿನಲ್ಲಿ ಒಂದೇ ಬಳೆ, ಅದರ ಮೇಲಿನ ಉಬ್ಬುಗಳೇ ಐದೂ ಸಿಲಿಂಡರಿನ ಕೆಲಸ ಮಾಡುತ್ತವೆ. ಐದು ಸಿಲಿಂಡರಿಗೆ ಎರಡು ದಾರಿ ಇದೆ. ಎರಡು ಉಬ್ಬು, ಕ್ರ್ಯಾಂಕಿನ ಕಾಲು ವೇಗ, ವಿರುದ್ಧ ದಿಕ್ಕು. ಇಲ್ಲವೇ ಮೂರು ಉಬ್ಬು, ಆರನೇ ಒಂದು ವೇಗ, ಅದೇ ದಿಕ್ಕು. ಮೊದಲನೆಯದಕ್ಕೆ ಸಾಮಾನ್ಯವಾಗಿ ಬಳೆಯ ಒಳಗೆ ಹಲ್ಲು ಕೊರೆಯಬೇಕು, ಮನೆಯಲ್ಲಿ ಅದು ತಲೆನೋವು. ಎರಡನೆಯದನ್ನೇ ಹಿಡಿಯಿರಿ. ಗಾಳಿ ಒಳಗೆ ಬಿಡುವ ಇನ್‌ಟೇಕ್ ವಾಲ್ವುಗಳಿಗೆ ಮೂರು ಉಬ್ಬು, ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವುಗಳಿಗೆ ಬೇರೆ ಮೂರು.

ಅದು ಹೇಗೆ ಸರಿಹೋಗುತ್ತದೆ ನೋಡಿ. 1ನೇ ಸಿಲಿಂಡರಿನ ನಂತರ 3ನೆಯದರ ಸರದಿ, ಅದು 144 ಡಿಗ್ರಿ ಆಚೆ ಇದೆ. ಅಷ್ಟರಲ್ಲಿ ಕ್ರ್ಯಾಂಕ್ 144 ಡಿಗ್ರಿ ತಿರುಗಿರುತ್ತದೆ, ಕ್ಯಾಮ್ ಅದರ ಆರನೇ ಒಂದು, 24 ಡಿಗ್ರಿ. ಮುಂದಿನ ಉಬ್ಬು 120 ಡಿಗ್ರಿ ಮುಂದಿದೆ. 120ಕ್ಕೆ 24 ಸೇರಿಸಿ. ಸರಿಯಾಗಿ 3ನೆಯದರ ಕೆಳಗೆ ಬಂದು ನಿಂತಿತು. ಇದನ್ನು ಕಾಗದದ ಮೇಲೆ ಗೀಚಿ ನೋಡುವ ತನಕ ಕ್ಯಾಮ್ ಕೊರೆಯಬೇಡಿ.

ಗೇರು: ಕ್ರ್ಯಾಂಕ್ ಮೇಲೆ 20 ಹಲ್ಲು, ನಡುವಿನ ಜೋಡಿ ಗೇರಿನಲ್ಲಿ 40 ಮತ್ತು 15, ಕ್ಯಾಮ್ ಮೇಲೆ 45. ಎರಡು ಪಟ್ಟು, ಮೂರು ಪಟ್ಟು, ಒಟ್ಟು ಆರು. ಮಾಡ್ಯೂಲ್ 0.5 ಇಟ್ಟರೆ ಎರಡೂ ಜೋಡಿಯ ಕೇಂದ್ರದ ಅಂತರ 15 ಮಿಮೀಗೇ ಬರುತ್ತದೆ. ಮಾಡ್ಯೂಲ್ ಅಂದರೆ ಹಲ್ಲಿನ ಗಾತ್ರದ ಅಳತೆ. ಡಿವೈಡಿಂಗ್ ಹೆಡ್ಡಿನಲ್ಲಿ 20 ಹಲ್ಲಿಗೆ ಎರಡು ಸುತ್ತು, 40ಕ್ಕೆ ಒಂದು. 15ಕ್ಕೆ ಎರಡು ಸುತ್ತಿನ ಮೇಲೆ, ಹಿಡಿಕೆಯ ಹಿಂದಿನ ತಟ್ಟೆಯ 18 ತೂತಿನ ವೃತ್ತದಲ್ಲಿ 12 ತೂತು, 45ಕ್ಕೆ ಅದೇ ವೃತ್ತದಲ್ಲಿ 16 ತೂತು. ಹಲ್ಲಿನ ಆಳ 1.125 ಮಿಮೀ.

ಇನ್‌ಟೇಕ್ ವಾಲ್ವ್, ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಕ್ರ್ಯಾಂಕಿನ 15 ಡಿಗ್ರಿ ಮೊದಲು ತೆರೆದು, ಕೆಳಗಿನ ತುದಿ ದಾಟಿ 45 ಡಿಗ್ರಿಗೆ ಮುಚ್ಚಲಿ. ಎಕ್ಸಾಸ್ಟ್ ಕೆಳ ತುದಿಗೆ 45 ಮೊದಲು ತೆರೆದು, ಮೇಲಿನ ತುದಿ ದಾಟಿ 15ಕ್ಕೆ ಮುಚ್ಚಲಿ. ಎರಡೂ 240 ಡಿಗ್ರಿ. ಕ್ಯಾಮಿನ ಮೇಲೆ ಅದು 40 ಡಿಗ್ರಿ ಮಾತ್ರ. ಇನ್‌ಟೇಕ್ ಉಬ್ಬುಗಳು ಎಕ್ಸಾಸ್ಟ್ ಉಬ್ಬುಗಳಿಗಿಂತ 35 ಡಿಗ್ರಿ ಹಿಂದೆ ಇರಬೇಕು, ಹಿಂದೆ ಅಂದರೆ ತಿರುಗುವ ದಿಕ್ಕಿಗೆ ಹಿಂದೆ. ಇದನ್ನು ತಿರುವುಮುರುವು ಮಾಡಿದರೆ ಆ ಕ್ಯಾಮ್ ಗುಜರಿಗೆ. ಉಬ್ಬಿನ ಎತ್ತರ 1.5 ಮಿಮೀ, ರಾಕರ್ ಎಂಬ ಸನ್ನೆಗೋಲು ಅದನ್ನು 1.3 ಪಟ್ಟು ಮಾಡಿ ವಾಲ್ವಿಗೆ ಸುಮಾರು 2 ಮಿಮೀ ಕೊಡುತ್ತದೆ.

ಟ್ಯಾಪೆಟ್ ಅಂದರೆ ಕ್ಯಾಮಿನ ಮೇಲೆ ಕೂತು ಎದ್ದಿಳಿಯುವ ಕಡ್ಡಿ. ಚಪ್ಪಟೆ ತಳದ್ದು ಇಲ್ಲಿ ನಡೆಯುವುದಿಲ್ಲ. ಉಬ್ಬು ಅಷ್ಟು ಚೂಪಾಗಿ ಏರುವುದರಿಂದ ಟ್ಯಾಪೆಟ್ಟಿನ ತುದಿ 1.5 ಮಿಮೀ ತ್ರಿಜ್ಯದಲ್ಲಿ ಗುಂಡಗಿರಬೇಕು. ಓಎಚ್‌ಎನ್‌ಎಸ್ ಕ್ಯಾಮನ್ನು ಸುಮಾರು 800 ಡಿಗ್ರಿಗೆ, ಚೆರ್ರಿ ಕೆಂಪಿಗೆ, ಕಾಯಿಸಿ ಎಣ್ಣೆಗೆ ಹಾಕಿ. ಆಮೇಲೆ 200 ಡಿಗ್ರಿಯಲ್ಲಿ ಹದ ಮಾಡಿ, ಒಣಹುಲ್ಲಿನ ಬಣ್ಣ ಬರುತ್ತದೆ. ಎಣ್ಣೆಯ ಪಾತ್ರೆಗೆ ಲೋಹದ ಮುಚ್ಚಳ ಕೈಗೆಟುಕುವಂತಿರಲಿ, ಬೆಂಕಿ ಹತ್ತಿದರೆ ಮುಚ್ಚಿ. ನೀರು ಹಾಕಬೇಡಿ.

ಹಂತ 7: ಹೆಡ್, ವಾಲ್ವ್

ಹೆಡ್ ಆರು, ಅಲ್ಯೂಮಿನಿಯಂ. ವಾಲ್ವ್ ತಲೆ 8.5 ಮಿಮೀ, ಸ್ಟೇನ್‌ಲೆಸ್. ಸೀಟ್ 45 ಡಿಗ್ರಿ, ಅಗಲ 0.3 ಮಿಮೀ ದಾಟಬಾರದು. ಅಗಲ ಜಾಸ್ತಿಯಾದಷ್ಟೂ ಸೋರುವುದು ಜಾಸ್ತಿ. ಗ್ರೈಂಡಿಂಗ್ ಪೇಸ್ಟ್ ಹಾಕಿ ಗಂಟೆಗಟ್ಟಲೆ ಉಜ್ಜುವ ಚಟ ಬಿಡಿ, ನಾಲ್ಕೈದು ತಿರುವು ಸಾಕು.

ಹೆಡ್ಡಿನ ಒಳಜಾಗವನ್ನು ಮೆಡಿಕಲ್ ಶಾಪಿನ 2 ಎಂಎಲ್ ಸಿರಿಂಜಿನಿಂದ ಎಣ್ಣೆ ಬಿಟ್ಟು ಅಳೆಯಿರಿ. ಪಿಸ್ಟನ್ ಮೇಲಿದ್ದಾಗ 1.25 ಸಿಸಿ ಉಳಿದರೆ ಕಂಪ್ರೆಷನ್ ಆರು ಪಟ್ಟು. ಐದೂ ಒಂದೇ ಬರಬೇಕು. ವಾಲ್ವ್ ಸಂದು ತಣ್ಣಗಿರುವಾಗ 0.1 ಮಿಮೀ.

ಹಂತ 8: ಇಂಧನ, ಕಿಡಿ

ಮಾಡೆಲ್ ಇಂಜಿನ್ನಿನವರು ಮೆಥನಾಲ್ ಮತ್ತು ಹರಳೆಣ್ಣೆ ಬಳಸುತ್ತಾರೆ. ನಾನು ಬೇಡ ಎನ್ನುತ್ತೇನೆ. ಮೆಥನಾಲ್ ವಿಷ, ಚರ್ಮದಿಂದಲೂ ಒಳಗೆ ಹೋಗುತ್ತದೆ, ಹಗಲಲ್ಲಿ ಅದರ ಉರಿ ಕಣ್ಣಿಗೇ ಕಾಣುವುದಿಲ್ಲ. ಪೆಟ್ರೋಲಿಗೆ 20ಕ್ಕೆ 1ರಂತೆ 2ಟಿ ಎಣ್ಣೆ, ಅಂದರೆ ಟೂ ಸ್ಟ್ರೋಕ್ ಇಂಜಿನ್ನಿಗೆ ಹಾಕುವ ಎಣ್ಣೆ, ಬೆರೆಸಿ. ಪ್ರತಿ ಸಲ ಓಡಿಸುವ ಮೊದಲು ಕ್ರ್ಯಾಂಕ್‌ಕೇಸಿಗೆ ಎರಡು ಮೂರು ಎಂಎಲ್ ಎಣ್ಣೆ ಬಿಡಿ.

ಅಡಿಕೆ ತೋಟ ಇರುವವರೆಲ್ಲ ಕೇಳುತ್ತಾರೆ: "ಕಳೆ ಹೊಡೆಯುವ ಮಷಿನ್ನಿನ ಕಾರ್ಬುರೇಟರ್ ಹಾಕಬಹುದಾ?" ಆಗುವುದಿಲ್ಲ. ಆ ಕಾರ್ಬುರೇಟರಿನೊಳಗಿನ ಪಂಪಿಗೆ ಕ್ರ್ಯಾಂಕ್‌ಕೇಸಿನ ಒತ್ತಡ ಏರಿಳಿಯಬೇಕು. ಒಂದು ಸಿಲಿಂಡರಿನಲ್ಲಿ ಅದು ಜೋರಾಗಿ ಏರಿಳಿಯುತ್ತದೆ. ರೇಡಿಯಲ್ಲಿನಲ್ಲಿ ಎರಡು ಪಿಸ್ಟನ್ ಇಳಿಯುವಾಗ ಬೇರೆಯವು ಏರುತ್ತಿರುತ್ತವೆ, ಒಳಗಿನ ಗಾಳಿ ಹೆಚ್ಚುಕಡಿಮೆ ಸುಮ್ಮನೆ ಕೂತಿರುತ್ತದೆ. ಹಾಗಾಗಿ 6–7 ಮಿಮೀ ಗಂಟಲಿನ ಸಾದಾ ಸೂಜಿ ಕಾರ್ಬುರೇಟರ್ ಮಾಡಿ. ಟ್ಯಾಂಕಿನ ಪೆಟ್ರೋಲ್ ಮಟ್ಟ ಅದರ ಸೂಜಿಗಿಂತ ತುಸು ಕೆಳಗಿರಲಿ, ಮೇಲಿದ್ದರೆ ಇಂಜಿನ್ ನಿಂತಾಗಲೂ ಸೋರುತ್ತದೆ. ಹಿಂದಿನ ಮುಚ್ಚಳದಲ್ಲಿ ಒಂದು ಕೋಣೆ, ಅಲ್ಲಿಂದ ಐದು ಪೈಪು. ಪೈಪಿನ ಉದ್ದ ಐದೂ ಒಂದೇ.

ಕಿಡಿಗೆ, ಆಯಸ್ಕಾಂತ ಹಾದುಹೋದದ್ದನ್ನು ಗುರುತಿಸುವ ಹಾಲ್ ಸೆನ್ಸರ್ ಇರುವ ಸಿಡಿಐ (ಕಿಡಿ ಹೊಡೆಸುವ ಎಲೆಕ್ಟ್ರಾನಿಕ್ ಡಬ್ಬಿ), ಮಾಡೆಲ್ ಇಂಜಿನ್ನಿನ ಕಾಲಿಂಚು ಪ್ಲಗ್ಗು. ಕಿಡಿಯನ್ನು ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರಿನ ಕೈ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗಲಿ. ವೈರುಗಳಿಗೆ 1, 3, 5, 2, 4 ಎಂದು ಸ್ಟಿಕರ್ ಹಚ್ಚಿ. ಮೊದಲ ಸಲ ಸ್ಟಾರ್ಟ್ ಆಗದ ಇಂಜಿನ್ನುಗಳಲ್ಲಿ ಅರ್ಧಕ್ಕೆ ಇದೇ ರೋಗ, ವೈರು 1, 2, 3, 4, 5 ಎಂದು ಸಿಕ್ಕಿಸಿರುತ್ತಾರೆ.

ಹಂತ 9: ಓಡಿಸುವುದು

ಮೊದಲು ಪ್ಲಗ್ ಇಲ್ಲದೆ, ಡ್ರಿಲ್ ಮಷಿನ್ನಿನಿಂದ ಒಂದು ಗಂಟೆ ನಿಧಾನ ತಿರುಗಿಸಿ, ಎಣ್ಣೆ ಬಿಡುತ್ತಿರಿ. ಹೊರಬರುವ ಎಣ್ಣೆ ಮೊದಲು ಕಪ್ಪಗಿರುತ್ತದೆ. ತಿಳಿಯಾದ ಮೇಲೆ ಪ್ಲಗ್ ಹಾಕಿ, ಒಂದೊಂದೇ ಸಿಲಿಂಡರಿನ ಕಂಪ್ರೆಷನ್ ಕೈಯಲ್ಲಿ ತಿರುಗಿಸಿ ನೋಡಿ.

ಇಂಜಿನ್ನನ್ನು ದಪ್ಪ ಹಲಗೆಗೆ ಬೋಲ್ಟ್ ಮಾಡಿ, ಹಲಗೆಯನ್ನು ಮೇಜಿಗೆ ಕ್ಲ್ಯಾಂಪ್ ಮಾಡಿ. 18×8 ಇಂಚಿನ ಮರದ ಫ್ಯಾನ್ ಹಾಕಿ. ಬಿರುಕು ಬಿಟ್ಟ ಫ್ಯಾನ್ ಬೇಡ, ಅಂಟಿಸಿದ್ದೂ ಬೇಡ. ತಿರುಗುವ ಫ್ಯಾನಿನ ಮುಂದೆ, ಪಕ್ಕದ ನೇರದಲ್ಲಿ ಯಾರೂ ನಿಲ್ಲಬಾರದು. ಪಂಚೆ, ಶಾಲು, ಕುತ್ತಿಗೆಯ ಸರ ಎಲ್ಲ ತೆಗೆದಿಟ್ಟು ಬನ್ನಿ. ಸೂಜಿ ಹೊಂದಿಸುವುದು ಹಿಂದಿನಿಂದ ಮಾತ್ರ.

ಸ್ಟಾರ್ಟ್ ಮಾಡುವ ಮೊದಲು ಪ್ರತಿ ಸಲವೂ, ಕಿಡಿ ಆಫ್ ಇರುವಾಗ, ಫ್ಯಾನನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ. ನಿಂತಾಗ ಎಣ್ಣೆ ಕೆಳಗಿನ ಸಿಲಿಂಡರುಗಳಿಗೆ, ಅಂದರೆ 3 ಮತ್ತು 4ಕ್ಕೆ, ಇಳಿದು ಕೂರುತ್ತದೆ. ಎಣ್ಣೆಯನ್ನು ಒತ್ತಲಾಗುವುದಿಲ್ಲ. ಪಿಸ್ಟನ್ ಅದಕ್ಕೆ ಗುದ್ದಿದರೆ ರಾಡು ಬಾಗುತ್ತದೆ. ಎಲ್ಲಾದರೂ ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ, ಕೆಳಗಿನ ಎರಡು ಪ್ಲಗ್ ಬಿಚ್ಚಿ, ಎಣ್ಣೆ ಸುರಿಯಲು ಬಿಡಿ. ದೊಡ್ಡ ವಿಮಾನಗಳ ಮೆಕ್ಯಾನಿಕ್ಕುಗಳೂ ಫ್ಯಾನು ತಿರುಗಿಸುತ್ತಿದ್ದದ್ದು ಇದೇ ಕಾರಣಕ್ಕೆ.

ಮೊದಲ ದಿನ ಒಂದು ನಿಮಿಷ ಓಡಿಸಿ, ಪೂರ್ತಿ ಆರಲು ಬಿಡಿ. ಹೀಗೆ ಹತ್ತು ಸಲ. ನಿಂತ ಕೂಡಲೇ ಐದೂ ಹೆಡ್ಡಿನ ಮೇಲೆ ಒಂದೊಂದು ಹನಿ ನೀರು ಬಿಡಿ. ನಾಲ್ಕು ಕಡೆ ಚುರ್ ಎಂದು, ಒಂದು ಕಡೆ ಹನಿ ಸುಮ್ಮನೆ ಕೂತರೆ ಆ ಸಿಲಿಂಡರ್ ಹೊಡೆಯುತ್ತಿಲ್ಲ. ಮೊದಲು ಅದರ ಪ್ಲಗ್ ನೋಡಿ, ಆಮೇಲೆ ವಾಲ್ವ್ ಸಂದು, ಆಮೇಲೆ ಇನ್‌ಟೇಕ್ ಪೈಪಿನ ಸೋರಿಕೆ. ಅದೂ ಅಲ್ಲವಾದರೆ ಹೆಡ್ ಬಿಚ್ಚಿ, ಕಪಾಟಿನಲ್ಲಿರುವ ಆರನೆಯದನ್ನು ಹಾಕಿ.

ಮಳೆಗಾಲಕ್ಕೆ ಎತ್ತಿಡುವಾಗ ಪ್ರತಿ ಪ್ಲಗ್ ತೂತಿಗೆ ಎರಡು ಹನಿ ಎಣ್ಣೆ ಬಿಟ್ಟು, ನಾಲ್ಕು ಸುತ್ತು ತಿರುಗಿಸಿ, ಪ್ಲಗ್ ಮುಚ್ಚಿ. ಎಕ್ಸಾಸ್ಟ್ ಬಾಯಿಗಳಿಗೆ ಎಣ್ಣೆ ಬಟ್ಟೆ ತುರುಕಿ ಬಲ್ಬಿನ ಕಪಾಟಿನಲ್ಲಿಡಿ. ಬಟ್ಟೆಗೆ ಕೆಂಪು ದಾರ ಕಟ್ಟಿರಲಿ, ಅಕ್ಟೋಬರಿನಲ್ಲಿ ಸ್ಟಾರ್ಟ್ ಮಾಡುವ ಗಡಿಬಿಡಿಯಲ್ಲಿ ಅದನ್ನು ತೆಗೆಯುವುದೇ ಮರೆತುಹೋಗುತ್ತದೆ.